ಎರಡು ತನ್ನವು, ಐದು ಬೇರೆಯವರವು

(ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರ ಸಂಜೆ ನಮ್ಮ ಸಭೆಯ, ಅಂದರೆ ಚರ್ಚಿನ, ಹಾಲ್‌ನಲ್ಲಿ ಮಾತಾಡಿದ್ದೆ. ಕೆಲವರು ಬರೆದುಕೊಡಿ ಎಂದರು. ರೆಕಾರ್ಡಿಂಗ್ ಕೇಳುತ್ತಾ ಬರೆದಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷ ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಇಂಗ್ಲಿಷಿನ ಎಂಟನೇ ಅಕ್ಷರದಿಂದ ಶುರು ಮಾಡುತ್ತೇನೆ. ಒಂದು ಪೇಪರಿನಲ್ಲಿ ‘ಎಚ್.ಡಿ. ದೇವೇಗೌಡ’ ಎಂದಿರುತ್ತದೆ, ಇನ್ನೊಂದರಲ್ಲಿ ‘ಹೆಚ್.ಡಿ. ದೇವೇಗೌಡ’. ಎರಡೂ ಪೇಪರು ತರಿಸುವ ಮನೆಯಲ್ಲೂ ಇದಕ್ಕಾಗಿ ಯಾರೂ ಜಗಳ ಆಡಿದ್ದು ನಾನು ಕೇಳಿಲ್ಲ. ನಮ್ಮಲ್ಲಿ ಬಹಳ ಜನ ‘ಹೆಚ್’ ಅನ್ನುತ್ತೇವೆ. ಶಾಲೆಯಲ್ಲಿ ಟೀಚರ್ ಕಿವಿ ಹಿಂಡಿ ತಿದ್ದಿದವರು ‘ಎಚ್’ ಅನ್ನುತ್ತಾರೆ. ಅಷ್ಟೇ ವ್ಯತ್ಯಾಸ.

ನನ್ನ ತಂಗಿಯ ಮಗಳು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ನರ್ಸ್. ಕೆಲಸಕ್ಕೆ ಸೇರಿದ ಮೊದಲ ವಾರ ಫೋನಿನಲ್ಲಿ ಯಾರದೋ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ಅಭ್ಯಾಸಬಲದಿಂದ ‘ಹೆಚ್’ ಅಂದಳಂತೆ. ಪಕ್ಕದಲ್ಲಿದ್ದ ಅಲ್ಲಿಯ ನರ್ಸ್ ನಕ್ಕು, ‘ಓ, ಹಾಗಾದರೆ ನೀನು ನಮ್ಮ ಪೈಕಿ’ ಅಂದಳಂತೆ. ಇವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು: ಅಲ್ಲಿ ಕೆಥೋಲಿಕ್ ಶಾಲೆಯಲ್ಲಿ ಓದಿದವರು ಸಾಮಾನ್ಯವಾಗಿ ‘ಹೆಚ್’ ಅನ್ನುತ್ತಾರೆ, ಪ್ರಾಟೆಸ್ಟಂಟರು ‘ಎಚ್’. ಆ ಅಕ್ಷರವನ್ನು ಬೀದಿ ಮೂಲೆಯಲ್ಲಿ ತಡೆದು ಹೇಳಿಸುತ್ತಿದ್ದ ಕಾಲವೂ ಇತ್ತು ಎಂದು ಹಿರಿಯರು ಅವಳಿಗೆ ಹೇಳಿದ್ದಾರೆ. ರಾತ್ರಿ ಫೋನ್ ಮಾಡಿ, ‘ಮಾಮ, ಇಲ್ಲಿ ಬಾಯಿ ತೆಗೆದ್ರೆ ಸಾಕು, ಜಾತಿ ಗೊತ್ತಾಗ್ತದೆ’ ಅಂದಳು.

ಅಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ‘ನೀನು ಯಾರು’ ಎಂದು ಕೇಳುವುದಿಲ್ಲವಂತೆ. ‘ಯಾವ ಶಾಲೆ?’ ಎಂದು ಕೇಳುತ್ತಾರೆ. ಮನೆ ಯಾವ ರಸ್ತೆಯಲ್ಲಿ ಎಂದು ಕೇಳುತ್ತಾರೆ. ವಾಯವ್ಯದ ಆ ಊರಿಗೆ ನೀವು ‘ಡೆರಿ’ ಅನ್ನುತ್ತೀರೋ ‘ಲಂಡನ್‌ಡೆರಿ’ ಅನ್ನುತ್ತೀರೋ ಎಂದು ಕಾದು ನೋಡುತ್ತಾರೆ. ನಮಗೆ ಇದೇನು ಹೊಸದಲ್ಲ. ‘ನಿಮ್ಮ ಮನೆ ಎಲ್ಲಿ? ಓಹೋ, ಆ ಕಡೆಯಾ? ಅಲ್ಲಿ ಯಾರ ಪೈಕಿ?’ ಈ ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ನಮ್ಮ ಕರಾವಳಿಯ ಯಾವ ಅಜ್ಜಿಯೂ ಎದುರಿಗಿದ್ದವರ ಏಳು ತಲೆಮಾರನ್ನು ಬಿಡಿಸಿ ಇಟ್ಟುಬಿಡುತ್ತಾಳೆ.

ಅವಳಿಗೆ ಇನ್ನೊಂದು ಪೇಚು. ‘ನಿನ್ನ ಚರ್ಚ್ ಯಾವುದು?’ ಎಂದರೆ ‘ಸಿಎಸ್‌ಐ’ ಅನ್ನಬೇಕು. ಅಂದರೆ ದಕ್ಷಿಣ ಭಾರತ ಸಭೆ, ಚರ್ಚ್ ಆಫ್ ಸೌತ್ ಇಂಡಿಯಾ. ಅದು ಯಾವ ಖಾನೆಗೂ ಕೂರುವುದಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಗಳವರು ಒಂದಾದರು. ನಮ್ಮ ಬಾಸೆಲ್ ಮಿಶನ್ ಸಭೆಗಳಲ್ಲಿ ಕೆಲವು ತಡವಾಗಿ ಬಂದು ಸೇರಿಕೊಂಡವು. ಬೆಲ್‌ಫಾಸ್ಟಿನಲ್ಲಿ ಇವೆಲ್ಲ ಬೇರೆ ಬೇರೆ ಕಟ್ಟಡ, ಬೇರೆ ಬೇರೆ ಗಂಟೆ. ‘ನಾನು ಇದರಲ್ಲಿ ಎಲ್ಲದರವಳೂ ಹೌದು, ಯಾವುದರವಳೂ ಅಲ್ಲ’ ಅನ್ನುತ್ತಾಳೆ.

ನಾವು ಒಂದಾದವರು ಎಂದು ಇಲ್ಲಿ ಬೆನ್ನು ತಟ್ಟಿಕೊಳ್ಳುವುದು ಬೇಡ. ಮದುವೆಯ ಮಾತು ಬಂದಾಗ ನಮ್ಮಲ್ಲೂ ಕೇಳುತ್ತಾರೆ, ‘ಮೊದಲು ಅವರು ಏನಾಗಿದ್ದರು?’ ಎಂದು. ದೀಕ್ಷಾಸ್ನಾನದ ನೀರು ನಾಲ್ಕು ತಲೆಮಾರು ಕಳೆದರೂ ಆ ‘ಮೊದಲು’ ಎಂಬುದನ್ನು ತೊಳೆದಿಲ್ಲ. ಈ ಹಾಲ್‌ನಲ್ಲಿ ಕೂತಿರುವ ಎಷ್ಟು ಮಂದಿಗೆ ಇದು ಗೊತ್ತು ಎಂಬುದು ನಿಮ್ಮ ಮುಖದಲ್ಲೇ ಕಾಣುತ್ತಿದೆ. ಇಷ್ಟು ಹೇಳಿ ಐರ್ಲೆಂಡಿಗೆ ಹೋಗುತ್ತೇನೆ. ಪಕ್ಕದ ಮನೆಯ ಜಗಳ ಬಿಡಿಸಲು ಹೋಗುವವನು ತನ್ನ ಮನೆಯ ಬಾಗಿಲು ಹಾಕಿದೆಯಾ ಎಂದು ಒಮ್ಮೆ ನೋಡಿಕೊಳ್ಳಬೇಕು.

ಚರಿತ್ರೆಯ ಪಾಠ ಉದ್ದ ಮಾಡುವುದಿಲ್ಲ. 1609ರಿಂದ ಸ್ಕಾಟ್ಲೆಂಡ್, ಇಂಗ್ಲೆಂಡಿನ ಪ್ರಾಟೆಸ್ಟಂಟರನ್ನು ತಂದು ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯದಲ್ಲಿ, ಅಲ್ಲಿಯವರಿಂದ ಕಿತ್ತುಕೊಂಡ ಜಮೀನಿನಲ್ಲಿ ನೆಲೆಗೊಳಿಸಿದರು. 1921ರಲ್ಲಿ ದ್ವೀಪ ಇಬ್ಭಾಗವಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆ ಉಳಿದವು. ಅಲ್ಲಿ ಆಗ ಬಹುಸಂಖ್ಯಾತರು ಪ್ರಾಟೆಸ್ಟಂಟರು, ಬ್ರಿಟನ್ ಬೇಕೆನ್ನುವವರು. ಕೆಥೋಲಿಕರು ಅಲ್ಪಸಂಖ್ಯಾತರು, ಒಂದೇ ಐರ್ಲೆಂಡ್ ಬೇಕೆನ್ನುವವರು. ಮನೆ, ಉದ್ಯೋಗ, ಮತದಾನ ಎಲ್ಲದರಲ್ಲೂ ತಾರತಮ್ಯ. 1968ರಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆ, ಅದರ ಮೇಲೆ ಲಾಠಿ, ಆಮೇಲೆ ಸೈನ್ಯ, ಬಾಂಬು, ಬಂದೂಕು. 1998ರವರೆಗೆ 3,500ಕ್ಕೂ ಹೆಚ್ಚು ಸಾವು. 1972 ಒಂದೇ ವರ್ಷ ಐನೂರರ ಹತ್ತಿರ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ಕಡಿಮೆ ಜನ ಇರುವ ಜಾಗ ಅದು. ಅಂದರೆ ಸತ್ತವರಲ್ಲಿ ಒಬ್ಬರಾದರೂ ಗುರುತಿನವರಲ್ಲದ ಮನೆ ಅಪರೂಪ.

ಅವರು ಪ್ರಭು ಭೋಜನದ ರೊಟ್ಟಿಯ ಬಗ್ಗೆಯೋ ಕನ್ಯಾಮರಿಯಳ ಬಗ್ಗೆಯೋ ಹೊಡೆದಾಡಲಿಲ್ಲ. ನೆಲ, ಅಧಿಕಾರ, ಹೆದರಿಕೆ, ಇವೇ ಕಾರಣ. ಹಾಗೆಂದು ‘ಅದು ಧರ್ಮದ ಜಗಳವೇ ಅಲ್ಲ, ರಾಜಕೀಯದ್ದು’ ಎಂದು ಕೈ ತೊಳೆದುಕೊಂಡರೆ ಅದು ಯೇಸುವನ್ನು ಶಿಲುಬೆಗೆ ಒಪ್ಪಿಸಿ ಕೈ ತೊಳೆದುಕೊಂಡ ಪಿಲಾತನ ಕೆಲಸ. ಏಕೆಂದರೆ ಎರಡೂ ಕಡೆಯವರು ಮಾತುಗಳನ್ನು ಎರವಲು ತಂದದ್ದು ನಮ್ಮ ಸತ್ಯವೇದದಿಂದಲೇ, ಬೈಬಲಿನಿಂದಲೇ.

1912ರ ಸೆಪ್ಟೆಂಬರ್ 28ರಂದು ಅಲ್‌ಸ್ಟರಿನ ಪ್ರಾಟೆಸ್ಟಂಟರು ಬೆಳಗ್ಗೆ ಆರಾಧನೆ ಮುಗಿಸಿ ಹೋಗಿ ಒಂದು ಕಾಗದಕ್ಕೆ ಸಹಿ ಹಾಕಿದರು. ಸುಮಾರು 2.37 ಲಕ್ಷ ಗಂಡಸರು. ಹೆಂಗಸರಿಗೆ ಬೇರೆ ಕಾಗದ, ಅದಕ್ಕೂ ಸುಮಾರು 2.34 ಲಕ್ಷ ಸಹಿ. ಐರ್ಲೆಂಡಿಗೆ ಸ್ವಯಮಾಡಳಿತ ಕೊಟ್ಟರೆ ಯಾವ ದಾರಿಯಿಂದಾದರೂ ತಡೆಯುತ್ತೇವೆ ಎಂಬ ಪ್ರತಿಜ್ಞೆ. ಅದಕ್ಕೆ ಅವರು ಇಟ್ಟ ಹೆಸರು ‘ಒಡಂಬಡಿಕೆ’. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಅನ್ನುತ್ತೇವಲ್ಲ, ಅದೇ ಪದ. ದೇವರು ಅಬ್ರಹಾಮನ ಜೊತೆ ಮಾಡಿಕೊಂಡದ್ದು. ಇವರು ದೇವರನ್ನು ಸಾಕ್ಷಿಗೆ ನಿಲ್ಲಿಸಿ ತಮ್ಮ ಜೊತೆ ತಾವೇ ಮಾಡಿಕೊಂಡರು. ನಾಲ್ಕು ವರ್ಷದ ಮೇಲೆ, 1916ರ ಏಪ್ರಿಲ್ 24ರಂದು ಡಬ್ಲಿನ್ನಿನಲ್ಲಿ ಇನ್ನೊಂದು ಪಕ್ಷದವರು ದಂಗೆ ಎದ್ದರು. ಯಾವ ದಿನ? ಈಸ್ಟರ್ ಸೋಮವಾರ. ಅವರ ಘೋಷಣಾ ಪತ್ರ ಶುರುವಾಗುವುದೇ ದೇವರ ಮತ್ತು ಸತ್ತುಹೋದ ಪೀಳಿಗೆಗಳ ಹೆಸರಿನಲ್ಲಿ. ರಕ್ತ ಚೆಲ್ಲಿದರೆ ದೇಶಕ್ಕೆ ಪುನರುತ್ಥಾನ ಎಂಬ ಭಾವ. ಒಬ್ಬರು ಒಡಂಬಡಿಕೆಯನ್ನು ಒಯ್ದರು, ಇನ್ನೊಬ್ಬರು ಈಸ್ಟರನ್ನು ಒಯ್ದರು. ಕೊನೆಗೆ ಒಪ್ಪಂದ ಆಯಿತಲ್ಲ, 1998ರ ಏಪ್ರಿಲ್ 10ರಂದು, ಗಡುವು ಮೀರಿ ರಾತ್ರಿಯಿಡೀ ಕೂತು ಮರುದಿನ ಸಂಜೆ ಮುಗಿಸಿದ್ದು, ಅದಕ್ಕೆ ಉಳಿದದ್ದು ಶುಭ ಶುಕ್ರವಾರ. ಆ ಹೆಸರನ್ನೂ ಎಲ್ಲರೂ ಹೇಳುವುದಿಲ್ಲ. ಪ್ರಾಟೆಸ್ಟಂಟರಲ್ಲಿ ಬಹಳ ಮಂದಿ ‘ಬೆಲ್‌ಫಾಸ್ಟ್ ಒಪ್ಪಂದ’ ಎನ್ನುತ್ತಾರೆ.

ಆ ಒಪ್ಪಂದದಲ್ಲಿ ಒಂದು ಸಾಲಿದೆ. ನಾನು ಅದನ್ನು ಆಗಾಗ ತೆಗೆದು ಓದುತ್ತೇನೆ. ಉತ್ತರ ಐರ್ಲೆಂಡಿನ ಯಾರೇ ಆಗಲಿ ತಮ್ಮನ್ನು ಐರಿಷ್ ಎಂದೋ ಬ್ರಿಟಿಷ್ ಎಂದೋ ಅಥವಾ ಎರಡೂ ಎಂದೋ ಗುರುತಿಸಿಕೊಳ್ಳುವುದು ಜನ್ಮಸಿದ್ಧ ಹಕ್ಕು, ಹಾಗೆ ಅವರನ್ನು ಒಪ್ಪಿಕೊಳ್ಳತಕ್ಕದ್ದು ಎಂದು ಎರಡೂ ಸರಕಾರಗಳು ಬರೆದುಕೊಟ್ಟಿವೆ. ‘ಅಥವಾ ಎರಡೂ’ ಎಂಬ ಆ ಮಾತು ಇದೆಯಲ್ಲ, ಸಾವಿರಾರು ಹೆಣ ಬಿದ್ದ ಮೇಲೆ ಬರೆದದ್ದು ಅದು.

ಈಗ ನಮ್ಮ ಭಾಷೆಗೆ ಬರೋಣ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೇ ಅಧ್ಯಾಯ ನಮ್ಮ ಮದುವೆಗಳಲ್ಲಿ ಓದುತ್ತೇವೆ. ನಂಬಿಕೆ, ನಿರೀಕ್ಷೆ, ಪ್ರೀತಿ. ಈ ನಡುವಿನ ಪದವನ್ನು ಗಮನಿಸಿ. ನಮ್ಮ ಭಾಷಾಂತರಕಾರರು ‘ಆಸೆ’ ಎಂದು ಹಾಕಲಿಲ್ಲ. ಹಾಕಿದ್ದರೆ ಬುದ್ಧನಿಂದ ಹಿಡಿದು ನಮ್ಮ ವಚನಕಾರರವರೆಗೆ ಎಲ್ಲರೂ ಬಂದು ಜಗಳ ತೆಗೆಯುತ್ತಿದ್ದರು. ‘ಭರವಸೆ’ ಎಂದೂ ಇಲ್ಲಿ ಹಾಕಲಿಲ್ಲ. ಅದನ್ನು ಎಲೆಕ್ಷನ್ ಸಮಯದಲ್ಲಿ ಕೊಡುತ್ತಾರೆ. ‘ನಿರೀಕ್ಷೆ’ ಎಂದರು. ದಿಟ್ಟಿಸಿ ನೋಡುವುದು, ಕಣ್ಣಿಟ್ಟು ಕಾಯುವುದು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ರಸ್ತೆಯ ಕೊನೆಗೆ ಕಣ್ಣು ನೆಟ್ಟಿರುತ್ತೀರಲ್ಲ, ಹಾಗೆ. ಬಸ್ಸು ಕಾಣುತ್ತಿಲ್ಲ, ಆದರೆ ನೀವು ಚೀಲ ಕೆಳಗಿಟ್ಟು ಮಲಗಿಲ್ಲ. ಚಿಲ್ಲರೆ ಕೈಯಲ್ಲಿ ಹಿಡಿದು ನಿಂತಿದ್ದೀರಿ.

ಬೆಲ್‌ಫಾಸ್ಟಿನಲ್ಲಿ ಕೆಥೋಲಿಕರ, ಪ್ರಾಟೆಸ್ಟಂಟರ ಬಡಾವಣೆಗಳ ನಡುವೆ ಗೋಡೆಗಳಿವೆ. ‘ಶಾಂತಿ ಗೋಡೆ’ ಎಂದು ಹೆಸರು. ಮೊದಲನೆಯದನ್ನು 1969ರ ಸೆಪ್ಟೆಂಬರಿನಲ್ಲಿ ಸೈನ್ಯದವರು ತಾತ್ಕಾಲಿಕ ಎಂದು ಹಾಕಿದರು. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆ ಎಂದು ಅಲ್ಲಿಯ ಸರಕಾರ 2013ರಲ್ಲಿ ಗುರಿ ಹಾಕಿಕೊಂಡಿತು. ಗೋಡೆಗಳು ಇನ್ನೂ ನಿಂತಿವೆ. ಅದು ಗುರಿ ತಪ್ಪಿದ ಕತೆ. ನಿರೀಕ್ಷೆ ತಪ್ಪಿತು ಎಂದು ನಾನು ಹೇಳಲಾರೆ, ಏಕೆಂದರೆ ನಿರೀಕ್ಷೆಗೆ ಇಸವಿ ಇರುವುದಿಲ್ಲ.

ಸಭೆಗಳು ಏನು ಮಾಡಿದವು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹೆಚ್ಚಿನ ಕಾಲ ತಮ್ಮವರ ಹೆಣ ಹೂಳಿದವು. ಅದು ಸಣ್ಣ ಕೆಲಸವಲ್ಲ. ಆದರೆ ತಮ್ಮವರದ್ದೇ ಹೂಳಿದವು. 2021ರ ಮಾರ್ಚ್ 17, ಸಂತ ಪ್ಯಾಟ್ರಿಕ್ಕನ ಹಬ್ಬದ ದಿನ, ಐರ್ಲೆಂಡಿನ ಮುಖ್ಯ ಸಭೆಗಳ ನಾಯಕರು ಒಟ್ಟಾಗಿ ಒಂದು ಹೇಳಿಕೆ ಕೊಟ್ಟರು. ನಮ್ಮ ಸಭೆಗಳು ಎಷ್ಟೋ ಸಲ ಸೆರೆಯಲ್ಲಿದ್ದವು; ದೇವರ ವಾಕ್ಯದ ಸೆರೆಯಲ್ಲಲ್ಲ, ರಾಜ್ಯ ಮತ್ತು ರಾಷ್ಟ್ರ ಎಂಬ ವಿಗ್ರಹಗಳ ಸೆರೆಯಲ್ಲಿ, ಎಂಬುದು ಅದರ ತಿರುಳು. ಪಾಪನಿವೇದನೆಯಲ್ಲಿ ‘ನಾವು ಆಲೋಚನೆಯಲ್ಲಿಯೂ ಮಾತಿನಲ್ಲಿಯೂ’ ಎಂದು ವಾರವಾರ ಗಿಣಿಪಾಠ ಒಪ್ಪಿಸುವ ನಮಗೆ, ಇಷ್ಟು ಬಿಡಿಸಿ ಹೇಳಿದ ಪಾಪನಿವೇದನೆ ಕಿವಿಗೆ ಬೀಳುವುದು ಅಪರೂಪ. ವಿಗ್ರಹಾರಾಧನೆ ಎಂದರೆ ಪಕ್ಕದವರು ಮಾಡುವುದು ಎಂದೇ ನಾವು ಕಲಿತಿದ್ದೇವಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ನಡೆದದ್ದು ಕೇಳಿ. ಅರ್ಮಾ ಎಂಬ ಊರಿನಲ್ಲಿ ಎರಡು ಗುಡ್ಡ, ಎರಡು ಗುಡ್ಡದ ಮೇಲೆ ಎರಡು ಕೆಥೀಡ್ರಲ್. ಒಂದು ಕೆಥೋಲಿಕರದು, ಒಂದು ಆಂಗ್ಲಿಕನ್ನರದು. ಎರಡರ ಹೆಸರೂ ಸಂತ ಪ್ಯಾಟ್ರಿಕ್ಕನದೇ. ದ್ವೀಪ ವಿಭಜನೆಯಾಗಿ ನೂರು ವರ್ಷವಾಯಿತೆಂದು ಸಭಾ ನಾಯಕರೆಲ್ಲ ಸೇರಿ ಆಂಗ್ಲಿಕನ್ ಕೆಥೀಡ್ರಲ್‌ನಲ್ಲಿ ‘ಮನನ ಮತ್ತು ನಿರೀಕ್ಷೆ’ಯ ಆರಾಧನೆ ಇಟ್ಟರು. ಆಮಂತ್ರಣದಲ್ಲಿ ವಿಭಜನೆಯ ಹಾಗೂ ಉತ್ತರ ಐರ್ಲೆಂಡಿನ ಸ್ಥಾಪನೆಯ ಶತಮಾನವನ್ನು ಗುರುತಿಸುವುದು ಎಂದಿತ್ತು. ಐರ್ಲೆಂಡಿನ ರಾಷ್ಟ್ರಪತಿ ಮೈಕಲ್ ಹಿಗಿನ್ಸ್ ಆ ಮಾತು ರಾಜಕೀಯವಾಗಿ ಒಂದು ಕಡೆಗೆ ವಾಲಿದೆ ಎಂದು ಬರಲು ಒಪ್ಪಲಿಲ್ಲ. ಅವರು ಮಾಡಿದ್ದು ಸರಿಯೇ ತಪ್ಪೇ ಎಂದು ಆ ದೇಶದಲ್ಲಿ ವಾರಗಟ್ಟಲೆ ಚರ್ಚೆ. ನಿರೀಕ್ಷೆಯ ಪ್ರಾರ್ಥನೆಗೂ ಎಲ್ಲರೂ ಒಪ್ಪುವ ತಲೆಬರಹ ಸಿಗಲಿಲ್ಲ. ಒಬ್ಬರ ಹುಟ್ಟುಹಬ್ಬ ಇನ್ನೊಬ್ಬರ ತಿಥಿಯಾದರೆ ಕಾರ್ಡಿನಲ್ಲಿ ಏನೆಂದು ಅಚ್ಚು ಹಾಕಿಸುವುದು?

ಈಗ ಹೇಳುವುದು ನನ್ನನ್ನು ಬಹಳ ಕಾಲ ಕಾಡಿದ ವಿಷಯ. 2007ರಲ್ಲಿ ಬ್ರಿಟನ್ ಸರಕಾರ ಒಂದು ತಂಡ ಮಾಡಿತು. ಆಗಿಹೋದದ್ದನ್ನು ಏನು ಮಾಡುವುದು ಎಂದು ಯೋಚಿಸಿ ಹೇಳುವ ತಂಡ. ಮುಖ್ಯಸ್ಥರು ಇಬ್ಬರು. ಒಬ್ಬರು ರಾಬಿನ್ ಈಮ್ಸ್, ಇಪ್ಪತ್ತು ವರ್ಷ ಅರ್ಮಾದ ಆಂಗ್ಲಿಕನ್ ಆರ್ಚ್‌ಬಿಷಪ್ ಆಗಿದ್ದವರು. ಇನ್ನೊಬ್ಬರು ಡೆನಿಸ್ ಬ್ರಾಡ್ಲಿ. 1972ರ ಜನವರಿ 30ರಂದು ಡೆರಿಯಲ್ಲಿ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದ ಆ ‘ರಕ್ತದ ಭಾನುವಾರ’ ಬೀದಿಯಲ್ಲಿದ್ದ ಕೆಥೋಲಿಕ್ ಪಾದ್ರಿ. ಆಮೇಲೆ ಪಾದ್ರಿತನ ಬಿಟ್ಟು ಸಂಸಾರಿಯಾದರು. ಹೊಸ ಪೊಲೀಸ್ ವ್ಯವಸ್ಥೆಯ ಮಂಡಳಿಗೆ ಸೇರಿದ್ದಕ್ಕೆ 2005ರಲ್ಲಿ ಡೆರಿಯಲ್ಲೇ ಬೇಸ್‌ಬಾಲ್ ಬ್ಯಾಟಿನ ಏಟು ತಿಂದಿದ್ದರು. ಪುಸ್ತಕ ಓದಿ ಸಂಧಾನ ಕಲಿತ ಜೋಡಿ ಅಲ್ಲ ಇದು.

2009ರ ಜನವರಿಯಲ್ಲಿ ಬೆಲ್‌ಫಾಸ್ಟಿನ ಯೂರೋಪಾ ಹೋಟೆಲಿನಲ್ಲಿ ವರದಿ ಬಿಡುಗಡೆ. ಸಲಹೆಗಳು ಮೂವತ್ತಕ್ಕೂ ಹೆಚ್ಚು. ಜನರ ಕಣ್ಣಿಗೆ ಬಿದ್ದದ್ದು ಒಂದೇ: ಸತ್ತ ಪ್ರತಿಯೊಬ್ಬರ ಹತ್ತಿರದ ಬಂಧುವಿಗೆ 12,000 ಪೌಂಡ್. ಪ್ರತಿಯೊಬ್ಬರ ಅಂದರೆ ಪ್ರತಿಯೊಬ್ಬರ. ಸೈನಿಕ, ಪೊಲೀಸ್, ದಾರಿಹೋಕ, ಮಗು. ಬಾಂಬು ಇಟ್ಟವನೂ.

1993ರ ಅಕ್ಟೋಬರ್ 23, ಶನಿವಾರ ಮಧ್ಯಾಹ್ನ, ಬೆಲ್‌ಫಾಸ್ಟಿನ ಶಾಂಕಿಲ್ ರಸ್ತೆಯ ಮೀನಂಗಡಿ. ವಾರಾಂತ್ಯಕ್ಕೆ ಮೀನು ಕೊಳ್ಳಲು ಬಂದ ಜನ. ನಮ್ಮ ಊರಿನ ಮೀನಂಗಡಿ ಶನಿವಾರ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಾಮಾನು ತಲುಪಿಸುವವರ ವೇಷದಲ್ಲಿ, ಒಂದೇ ಐರ್ಲೆಂಡಿಗಾಗಿ ಬಂದೂಕು ಹಿಡಿದ ಸಂಘಟನೆಯಾದ ಐಆರ್‌ಎಯ ಇಬ್ಬರು ಬಾಂಬು ತಂದರು. ಅವರ ಗುರಿ ಮಹಡಿಯಲ್ಲಿ ಸೇರುತ್ತಾರೆ ಎಂದುಕೊಂಡಿದ್ದ ಎದುರಾಳಿ ನಾಯಕರು. ಮಹಡಿಯಲ್ಲಿ ಅವರು ಯಾರೂ ಇರಲಿಲ್ಲ. ಬಾಂಬು ಸಮಯಕ್ಕೆ ಮುಂಚೆ ಸಿಡಿಯಿತು. ಇಬ್ಬರು ಚಿಕ್ಕ ಹುಡುಗಿಯರೂ ಸೇರಿ ಒಂಬತ್ತು ಜನ ಸತ್ತರು. ಬಾಂಬು ಹೊತ್ತು ತಂದ ಇಬ್ಬರಲ್ಲಿ ಒಬ್ಬನೂ ಸತ್ತ. ಈಗ ಲೆಕ್ಕ ಹಾಕಿ. ಆ ವರದಿಯ ಪ್ರಕಾರ ಹತ್ತು ಮನೆಗೂ ಹನ್ನೆರಡು ಹನ್ನೆರಡು ಸಾವಿರ.

ಬಿಡುಗಡೆಯ ದಿನ ವೇದಿಕೆಯ ಎದುರಲ್ಲೇ ಸತ್ತವರ ಮನೆಯವರು ಎದ್ದು ನಿಂತು ಕೂಗಾಡಿದರು. ಒಬ್ಬರ ಮುಖಕ್ಕೆ ಒಬ್ಬರು ಬೆರಳು ತೋರಿಸಿ ಬೈದರು. ತಿಂಗಳೊಳಗೆ ಸರಕಾರ ಆ ಸಲಹೆಯನ್ನು ಕೈಬಿಟ್ಟಿತು. ಅದರ ಜೊತೆ ವರದಿಯೇ ಕಪಾಟು ಸೇರಿತು.

ನಾನು ಮೊದಲು ಇದನ್ನು ಓದಿದಾಗ ಉತ್ಸಾಹದಿಂದ ಆರ್ಚ್‌ಬಿಷಪ್ಪರ ಪಕ್ಷ ಹಿಡಿದೆ. ಎಲ್ಲ ತಾಯಂದಿರ ಕಣ್ಣೀರೂ ಒಂದೇ, ದೇವರ ಎದುರು ನಾವೆಲ್ಲ ಪಾಪಿಗಳೇ, ಇನ್ನೇನು ಬೇಕು ಎಂದು. ಈಗ ಹಾಗೆ ಅನ್ನಿಸುವುದಿಲ್ಲ. ಮೀನು ತರಲು ಹೋದ ಮಗಳು ಬರಲಿಲ್ಲ ಎಂಬ ತಾಯಿಯ ಎದುರು ನಿಂತು, ಏನೂ ಕಳೆದುಕೊಳ್ಳದ ನಾನು ‘ನಾವೆಲ್ಲ ಪಾಪಿಗಳೇ ಅಮ್ಮ’ ಎಂದರೆ ಅದು ಸುವಾರ್ತೆಯಲ್ಲ, ಅವಮಾನ. ಸತ್ಯವೇದದ ಮಾತನ್ನು ಯಾರ ಎದುರು, ಯಾರು, ಯಾವಾಗ ಹೇಳುತ್ತಾರೆ ಎಂಬುದರ ಮೇಲೆ ಅದು ಸತ್ಯವೋ ಅಲ್ಲವೋ ಆಗುತ್ತದೆ. ಹಾಗಂತ ಆ ಇಬ್ಬರು ಹಿರಿಯರು ಎತ್ತಿದ ಪ್ರಶ್ನೆ ಸುಳ್ಳಾಗುವುದಿಲ್ಲ. ಬಾಂಬು ತಂದ ಹುಡುಗನಿಗೂ ಒಬ್ಬ ತಾಯಿ ಇದ್ದಳು. ಅವಳಿಗೆ ಅತ್ತುಕೊಳ್ಳಲು ಜಾಗ ಎಲ್ಲಿ? ಅವರು ತಪ್ಪಿದ್ದು, ಆ ಪ್ರಶ್ನೆಗೆ ಪೌಂಡಿನಲ್ಲಿ ಉತ್ತರ ಹುಡುಕಿದ್ದರಲ್ಲಿ ಎಂದು ನನಗೆ ಕಾಣುತ್ತದೆ.

ಇಲ್ಲಿ ಗಾರ್ಡನ್ ವಿಲ್ಸನ್ ಹೆಸರು ಹೇಳದಿದ್ದರೆ ನೀವೇ ಕೇಳುತ್ತೀರಿ. ಎನಿಸ್ಕಿಲನ್ ಊರಿನ ಬಟ್ಟೆ ಅಂಗಡಿಯವರು, ಮೆಥಡಿಸ್ಟರು. 1987ರ ನವೆಂಬರ್ 8ರಂದು ಯುದ್ಧದಲ್ಲಿ ಮಡಿದವರ ಸ್ಮರಣೆಯ ಭಾನುವಾರ ಐಆರ್‌ಎ ಬಾಂಬಿಗೆ ಗೋಡೆ ಕುಸಿಯಿತು. ಅವಶೇಷದಡಿ ತಂದೆ ಮಗಳ ಕೈ ಹಿಡಿದುಕೊಂಡೇ ಇದ್ದರು. ನರ್ಸಿಂಗ್ ಕಲಿಯುತ್ತಿದ್ದ ಇಪ್ಪತ್ತು ವರ್ಷದ ಮೇರಿ ಅಪ್ಪನಿಗೆ, ನೀವೆಂದರೆ ನನಗೆ ಬಹಳ ಪ್ರೀತಿ ಎಂದಳು. ಆಮೇಲೆ ಮಾತಿಲ್ಲ. ಆ ಬಾಂಬಿಗೆ ಒಟ್ಟು 11 ಜನ ಬಲಿ. ಹನ್ನೆರಡನೆಯವರು 13 ವರ್ಷ ಕೋಮಾದಲ್ಲಿದ್ದು ತೀರಿಕೊಂಡರು. ಬಿಬಿಸಿಯವರು ಕೇಳಿದಾಗ ವಿಲ್ಸನ್, ನನಗೆ ಯಾರ ಮೇಲೂ ಹಗೆಯಿಲ್ಲ, ದ್ವೇಷವಿಲ್ಲ ಎಂದರು.

ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಇಂಥವರನ್ನು ಉದಾಹರಣೆ ಕೊಟ್ಟು ಕ್ಷಮಿಸಿರಿ ಕ್ಷಮಿಸಿರಿ ಎಂದು ಹೇಳುವುದು ಸುಲಭ. ಎರಡು ವಿಷಯ ಗಮನಿಸಿ. ಅವರು ಆ ಸಂದರ್ಶನದಲ್ಲಿ ‘ಕ್ಷಮಿಸಿದ್ದೇನೆ’ ಎಂಬ ಮಾತನ್ನೇ ಆಡಿಲ್ಲ. ಹಗೆ ಹೊರುವುದಿಲ್ಲ ಎಂದರು, ಪ್ರಾರ್ಥಿಸುತ್ತೇನೆ ಎಂದರು. ಕ್ಷಮೆ ಎಂಬ ಪದವನ್ನು ಪತ್ರಿಕೆಗಳು ಸೇರಿಸಿಕೊಂಡವು. ಮತ್ತೆ, ಅದೇ ಊರಿನಲ್ಲಿ ಅದೇ ಬಾಂಬಿಗೆ ತಮ್ಮವರನ್ನು ಕಳೆದುಕೊಂಡ ಉಳಿದವರಲ್ಲಿ ಕೆಲವರಿಗೆ ಈ ಮಾತು ನೋವು ತಂದಿತು. ಒಬ್ಬರು ಹಗೆ ಬಿಟ್ಟರೆ ಬಿಡಲಾಗದವರು ಕೆಟ್ಟವರು ಎಂದಾಗುತ್ತದಲ್ಲ. ವಿಲ್ಸನ್ 1993ರಲ್ಲಿ ಐಆರ್‌ಎಯವರನ್ನು ಮುಖಾಮುಖಿ ಭೇಟಿಯಾಗಿ ಹಿಂಸೆ ನಿಲ್ಲಿಸಿ ಎಂದು ಕೇಳಿದರು. ಬರಿಗೈಯಲ್ಲಿ ಮರಳಿದರು. 1995ರಲ್ಲಿ ತೀರಿಕೊಂಡರು. ಆ ಬಾಂಬಿಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ.

ನನಗೆ ಈ ಎಲ್ಲದರ ನಡುವೆ ಕೈ ಹಿಡಿದು ನಡೆಸುವ ಭಾಗ ಯೇಸು ಹೇಳಿದ ಕ್ಷಮೆಯ ಯಾವ ಸಾಮ್ಯವೂ, ಅಂದರೆ ದೃಷ್ಟಾಂತ ಕತೆಯೂ, ಅಲ್ಲ. ಸಮುವೇಲನ ಎರಡನೆಯ ಪುಸ್ತಕದ 21ನೇ ಅಧ್ಯಾಯ. ನಮ್ಮ ಆರಾಧನೆಗಳಲ್ಲಿ ಅದನ್ನು ಓದಿದ್ದು ನನಗೆ ನೆನಪಿಲ್ಲ. ಭಾನುವಾರ ಶಾಲೆಯಲ್ಲಿ ಅದಕ್ಕೆ ಬಣ್ಣದ ಚಿತ್ರ ಇಲ್ಲ.

ದಾವೀದನ ರಾಜ್ಯದಲ್ಲಿ ಮೂರು ವರ್ಷ ಬರ. ಕಾರಣ ಏನು ಎಂದು ಕೇಳಿದರೆ ಹಳೆಯದೊಂದು ಎದ್ದು ಬರುತ್ತದೆ. ಹಿಂದಿನ ರಾಜ ಸೌಲ, ಇಸ್ರಾಯೇಲ್ಯರು ಮಾತು ಕೊಟ್ಟು ಉಳಿಸಿಕೊಂಡಿದ್ದ ಗಿಬ್ಯೋನ್ಯರನ್ನು ಆ ಮಾತು ಮುರಿದು ಕೊಂದಿದ್ದ. ದಾವೀದ ಅವರನ್ನು ಕರೆದು, ಏನು ಮಾಡಲಿ ಎಂದು ಕೇಳುತ್ತಾನೆ. ಅವರು ಹೇಳುವ ಮೊದಲ ಮಾತು: ಇದು ಬೆಳ್ಳಿಬಂಗಾರದ ವಿಷಯವಲ್ಲ. ಯೂರೋಪಾ ಹೋಟೆಲಿನಲ್ಲಿ ಎದ್ದು ನಿಂತು ಕೂಗಿದವರ ಮಾತೂ ಇದೇ. ಗಿಬ್ಯೋನ್ಯರು ಸೌಲನ ಮನೆಯ ಏಳು ಗಂಡಸರನ್ನು ಕೇಳಿದರು. ದಾವೀದ ಕೊಟ್ಟ. ಜವೆಗೋಧಿ ಸುಗ್ಗಿಯ ಶುರುವಿನಲ್ಲಿ ಏಳು ಜನರನ್ನೂ ಬೆಟ್ಟದ ಮೇಲೆ ನೇತುಹಾಕಿದರು. ಲೆಕ್ಕ ಚುಕ್ತಾ.

ಆದರೆ ಬರ ಹೋಯಿತು ಎಂದು ಅಲ್ಲಿ ಬರೆದಿಲ್ಲ.

ಆಗ ರಿಚ್ಪ ಎಂಬ ಹೆಂಗಸು ಬರುತ್ತಾಳೆ. ಸೌಲನ ಉಪಪತ್ನಿ. ಗೋಣಿತಟ್ಟು ತಂದು ಬಂಡೆಯ ಮೇಲೆ ಹಾಸಿ ಕೂರುತ್ತಾಳೆ. ಹಗಲು ಹಕ್ಕಿ ಬರದ ಹಾಗೆ, ರಾತ್ರಿ ಕಾಡುಮೃಗ ಬರದ ಹಾಗೆ ಹೆಣ ಕಾಯುತ್ತಾಳೆ. ಸುಗ್ಗಿಯಿಂದ ಹಿಡಿದು ಮಳೆ ಬೀಳುವವರೆಗೆ, ಅಂದರೆ ಒಂದು ಬೇಸಿಗೆ ಪೂರ್ತಿ. ಒಂದು ಮಾತೂ ಆಡಿದಳೆಂದಿಲ್ಲ. ಯಾರನ್ನೂ ಕ್ಷಮಿಸಿದಳೆಂದಿಲ್ಲ, ಶಪಿಸಿದಳೆಂದೂ ಇಲ್ಲ. ಕಾಯುತ್ತಾಳೆ. ನಿರೀಕ್ಷೆ ಎಂದರೆ ಕಣ್ಣಿಟ್ಟು ಕಾಯುವುದು ಎಂದೆನಲ್ಲ, ಆ ಪದಕ್ಕೆ ಇಷ್ಟು ಕಠೋರವಾದ ಚಿತ್ರ ಇಡೀ ಸತ್ಯವೇದದಲ್ಲಿ ಇನ್ನೊಂದಿಲ್ಲ.

ನಾನು ಬಹಳ ವರ್ಷ ಓದಿದ ಮೇಲೆ ಕಣ್ಣಿಗೆ ಬಿದ್ದದ್ದು ಒಂದಿದೆ. ಆ ಏಳರಲ್ಲಿ ಅವಳ ಮಕ್ಕಳು ಇಬ್ಬರೇ. ಉಳಿದ ಐವರು ಸೌಲನ ಮಗಳ ಮಕ್ಕಳು, ಇವಳ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಹಕ್ಕಿಗಳನ್ನು ಓಡಿಸುವಾಗ ಇವು ನನ್ನವು, ಅವು ಬೇರೆಯವಳವು ಎಂದು ಅವಳು ವಿಂಗಡಿಸಲಿಲ್ಲ. ಸುದ್ದಿ ದಾವೀದನಿಗೆ ಮುಟ್ಟಿತು. ಅವನಿಗೆ ನಾಚಿಕೆಯಾಗಿರಬೇಕು. ಎಂದೋ ಸತ್ತ ಸೌಲನ, ಯೋನಾತಾನನ ಎಲುಬುಗಳನ್ನೂ ತರಿಸಿ, ಈ ಏಳು ಜನರ ಎಲುಬುಗಳನ್ನೂ ಕೂಡಿಸಿ ಹೂಳಿಸಿದ. ಇದಾದ ಮೇಲೆ ದೇವರು ದೇಶದ ಪ್ರಾರ್ಥನೆ ಕೇಳಿದನು ಎಂದು ಅಧ್ಯಾಯ ಹೇಳುತ್ತದೆ. ನೇತುಹಾಕಿದ ಮೇಲೆ ಅಲ್ಲ, ಹೂಳಿದ ಮೇಲೆ.

ಕೊನೆಗೆ ಇನ್ನೊಬ್ಬ ತಾಯಿಯ ವಿಷಯ. ಜೀನ್ ಮಕ್‌ಕಾನ್ವಿಲ್. ಬೆಲ್‌ಫಾಸ್ಟಿನ ಪೂರ್ವದಲ್ಲಿ ಪ್ರಾಟೆಸ್ಟಂಟಳಾಗಿ ಹುಟ್ಟಿದವಳು. ಕೆಥೋಲಿಕನನ್ನು ಮದುವೆಯಾಗಿ ಕೆಥೋಲಿಕಳಾದಳು. ಆ ಕಡೆಯವರು ಇರಗೊಡಲಿಲ್ಲ. ಈ ಕಡೆಯ ಡಿವಿಸ್ ಫ್ಲ್ಯಾಟ್‌ಗಳಿಗೆ ಬಂದರು. 1972ರ ಜನವರಿಯಲ್ಲಿ ಗಂಡ ಕಾಯಿಲೆಯಿಂದ ಸತ್ತ. ಹತ್ತು ಮಕ್ಕಳು. ಅದೇ ಡಿಸೆಂಬರಿನಲ್ಲಿ ಒಂದು ಸಂಜೆ ಮಕ್ಕಳು ಹಿಡಿದುಕೊಂಡು ಅಳುತ್ತಿರುವಾಗಲೇ ಐಆರ್‌ಎಯವರು ಎಳೆದೊಯ್ದರು. ಬ್ರಿಟಿಷ್ ಸೈನ್ಯಕ್ಕೆ ಮಾಹಿತಿ ಕೊಡುವವಳು ಎಂದು ಆರೋಪ. ಅದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ ಎಂದು, ಪೊಲೀಸರ ಮೇಲಿನ ದೂರು ವಿಚಾರಿಸುವ ಪೊಲೀಸ್ ಓಂಬುಡ್ಸ್‌ಮನ್ 2006ರಲ್ಲಿ ಹೇಳಿದರು. ‘ಎರಡೂ’ ಆಗಿದ್ದವಳನ್ನು ಎರಡೂ ಕಡೆ ಉಳಿಸಲಿಲ್ಲ. ಕೊಂದವರು ಗುಟ್ಟಾಗಿ ಹೂತರು. ಮಕ್ಕಳು ಒಂದೊಂದು ಕಡೆ ಅನಾಥಾಲಯಗಳ ಪಾಲಾದರು.

ಹೀಗೆ ಕೊಂದು ಹೂತು ಬಾಯಿ ಮುಚ್ಚಿಕೊಂಡ ಪ್ರಕರಣ ಒಂದೆರಡಲ್ಲ. ಅವರನ್ನು ‘ಕಾಣೆಯಾದವರು’ ಎನ್ನುತ್ತಾರೆ. 1999ರಲ್ಲಿ ಬ್ರಿಟನ್, ಐರ್ಲೆಂಡ್ ಎರಡೂ ಸರಕಾರಗಳು ಸೇರಿ ಅವರ ಎಲುಬು ಹುಡುಕಲೆಂದೇ ಒಂದು ಆಯೋಗ ಮಾಡಿದವು. ಒಂದು ಫೋನ್ ನಂಬರ್, ಒಂದು ಪೋಸ್ಟ್ ಬಾಕ್ಸ್. ಎಲ್ಲಿ ಹೂತಿದ್ದೇವೆ ಎಂದು ಯಾರು ಬೇಕಾದರೂ ಹೇಳಬಹುದು, ಹೆಸರು ಹೇಳಬೇಕಿಲ್ಲ, ಆ ಮಾಹಿತಿಯನ್ನು ಕೋರ್ಟಿನಲ್ಲಿ ಅವರ ವಿರುದ್ಧ ಬಳಸುವಂತಿಲ್ಲ. ಶಿಕ್ಷೆಯನ್ನು ಒತ್ತಟ್ಟಿಗಿಟ್ಟು ಎಲುಬನ್ನು ಕೇಳುವ ಕಾನೂನು. ಇದು ನ್ಯಾಯವೇ ಎಂದು ನೀವು ಕೇಳಬಹುದು. ಪೂರ್ತಿ ನ್ಯಾಯವಲ್ಲ. ಮನೆಯವರು ಒಪ್ಪಿದರು. ನಮಗೆ ಮಣ್ಣು ಹಾಕಲು ಒಂದು ಸಮಾಧಿ ಕೊಡಿ ಎಂದರು.

ಜೀನ್‌ಗಾಗಿ ಲೌತ್ ಕೌಂಟಿಯ ಸಮುದ್ರತೀರದಲ್ಲಿ ವಾರಗಟ್ಟಲೆ ಅಗೆದರು. ಸಿಗಲಿಲ್ಲ. 2003ರ ಆಗಸ್ಟಿನಲ್ಲಿ ಹತ್ತಿರದ ಇನ್ನೊಂದು ತೀರದಲ್ಲಿ ಅಡ್ಡಾಡಲು ಹೋದವರ ಕಣ್ಣಿಗೆ ಬಟ್ಟೆಯ ತುದಿ ಬಿತ್ತು. ಮೂವತ್ತು ವರ್ಷ ಕಳೆದಿತ್ತು. ಮುಖ ಗುರುತಿಸುವ ಹಾಗಿಲ್ಲ. ಬಟ್ಟೆಯ ಜೊತೆ ಒಂದು ನೀಲಿ ಸೇಫ್ಟಿ ಪಿನ್ನು ಸಿಕ್ಕಿತು. ಹತ್ತು ಮಕ್ಕಳ ಮನೆ. ಯಾವಾಗ ಯಾರ ಗುಂಡಿ ಕಿತ್ತುಹೋಗುತ್ತದೋ ಎಂದು ಅಮ್ಮ ಯಾವಾಗಲೂ ಬಟ್ಟೆಗೆ ಒಂದು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು ಎಂದು ಮಕ್ಕಳಿಗೆ ನೆನಪಿತ್ತು. ಈ ಮಾತು ಹೇಳುವಾಗ ಮುಂದಿನ ಸಾಲಿನಲ್ಲಿ ಇಬ್ಬರು ಅಮ್ಮಂದಿರು ತಮ್ಮ ಬಳೆ ನೋಡಿಕೊಂಡರು. ನಾನು ನೋಡಿದೆ.

ಕಾಣೆಯಾದವರಲ್ಲಿ ಹೆಚ್ಚಿನವರು ಈಗ ಸಿಕ್ಕಿದ್ದಾರೆ, ಕೆಲವರು ಇನ್ನೂ ಸಿಕ್ಕಿಲ್ಲ. ಪ್ರತಿ ವರ್ಷ ನವೆಂಬರಿನಲ್ಲಿ, ಸಕಲ ಮೃತರ ಸ್ಮರಣೆಯ ಹೊತ್ತಿಗೆ, ಮನೆಯವರೆಲ್ಲ ಬೆಲ್‌ಫಾಸ್ಟಿನ ಸ್ಟಾರ್ಮಂಟ್ ಸಂಸತ್ ಭವನಕ್ಕೆ ಮೌನವಾಗಿ ನಡೆದು ಹೋಗುತ್ತಾರೆ. ಕೈಯಲ್ಲಿ ಕಪ್ಪು ಹೂಚಕ್ರ. ಅದರ ಮೇಲೆ ಇನ್ನೂ ಸಿಗದ ಒಬ್ಬೊಬ್ಬರಿಗೆ ಒಂದೊಂದು ಬಿಳಿ ಲಿಲಿ ಹೂ. ಭಾಷಣ ಇಲ್ಲ, ಹಾಡೂ ಇಲ್ಲ. ಹೂಚಕ್ರವನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋಗುತ್ತಾರೆ. ಯಾರಾದರೂ ಸಿಕ್ಕರೆ ಮುಂದಿನ ವರ್ಷಕ್ಕೆ ಒಂದು ಹೂ ಕಡಿಮೆ. ತಮ್ಮವರು ಸಿಕ್ಕಿ, ಮಣ್ಣು ಕೊಟ್ಟು, ಸಮಾಧಿಗೆ ಕಲ್ಲು ಹಾಕಿಸಿ ಎಷ್ಟೋ ವರ್ಷವಾದ ಮನೆಯವರೂ ಅಲ್ಲಿ ನಡೆಯುತ್ತಾರೆ.